ಊರಿನ ಸುರಕ್ಷತೆಗೆ ನಾಗರಿಕ ಸಲಹಾ ಸಮಿತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ತುಮಕೂರಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಆದ್ದರಿಂದ ಅಂಕಣದ ಜಾಗವನ್ನೆಲ್ಲ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ತುಮಕೂರಿನ ಎಸ್.ಎಸ್. ಪುರಂ ನಿವಾಸಿ, ನಿವೃತ್ತ ಶಿಕ್ಷಕ. ಸರಗಳ್ಳತನ, ಸಂಜೆಯ ಹೊತ್ತು ವ್ಹೀಲಿ ಮಾಡುವ ಹುಡುಗರು, ಉರಿಯದ ಬೀದಿದೀಪಗಳು, ಪೊದೆ ಬೆಳೆದ ಖಾಲಿ ನಿವೇಶನಗಳು ಇವುಗಳಿಂದ ಬೇಸತ್ತು ಸುತ್ತಲಿನ ನಾಲ್ಕು ಬಡಾವಣೆಗಳ ಹಿರಿಯರು ಸೇರಿ ‘ನಾಗರಿಕ ಸುರಕ್ಷತಾ ಸಲಹಾ ಆಯೋಗ’ವೊಂದನ್ನು ಆರಂಭಿಸಲು ನಿರ್ಧರಿಸಿದ್ದೇವೆ. ಇದಕ್ಕೆ ಯಾರ ಅನುಮತಿ ಬೇಕು? ಸಂಘವಾಗಿ ನೋಂದಾಯಿಸಬೇಕೇ? ಯಾರು ಯಾರನ್ನು ಸೇರಿಸಿಕೊಳ್ಳಬೇಕು?

ಉತ್ತರ: ಹೆಸರಿನಿಂದಲೇ ಆರಂಭಿಸುತ್ತೇನೆ. ‘ಆಯೋಗ’ ಎಂಬ ಮಾತನ್ನು ದಯವಿಟ್ಟು ಕೈಬಿಡಿ. ನಮ್ಮ ಜನರ ತಿಳಿವಳಿಕೆಯಲ್ಲಿ ಆಯೋಗವೆಂದರೆ ಮಾನವ ಹಕ್ಕುಗಳ ಆಯೋಗ, ಮಹಿಳಾ ಆಯೋಗಗಳಂತೆ ಕಾಯ್ದೆಯಿಂದ ಹುಟ್ಟಿ, ಅಧಿಕಾರಿಗಳಿಗೆ ನೋಟಿಸ್ ಕೊಟ್ಟು ಕರೆಸಬಲ್ಲ ಸಂಸ್ಥೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯ ಪ್ರಕಾರ ನೇಮಕವಾದ ಆಯೋಗಕ್ಕಂತೂ ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸಿಕೊಳ್ಳುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವೇ ಇರುತ್ತದೆ. ಅಂಥ ಅಧಿಕಾರವಿಲ್ಲದೆ ಅಂಥ ಹೆಸರಿಟ್ಟುಕೊಂಡರೆ ಠಾಣೆಯಲ್ಲಿ ಮೊದಲ ದಿನವೇ ಮುನಿಸು ಹುಟ್ಟುತ್ತದೆ; ಕಷ್ಟದಲ್ಲಿ ನಿಮ್ಮ ಬಳಿ ಬರುವವರಿಗೆ ಈಡೇರಿಸಲಾಗದ ಭರವಸೆ ಕೊಟ್ಟಂತಾಗುತ್ತದೆ. ‘ನಾಗರಿಕ ಸುರಕ್ಷತಾ ಸಲಹಾ ಸಮಿತಿ’ ಎಂದರೆ ಸಾಕು.

ಜನರು ಸೇರಿ ಸಂಘ ಕಟ್ಟಿಕೊಳ್ಳುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಸಂವಿಧಾನದ 19ನೇ ವಿಧಿ ಆ ಸ್ವಾತಂತ್ರ್ಯವನ್ನು ಕೊಟ್ಟಿದೆ. 7 ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಲೂಬಹುದು. ಆದರೆ ಸಂಘವೊಂದು ಬರೆದ ಪತ್ರಕ್ಕೆ ಅಧಿಕಾರಿಗಳು ಉತ್ತರಿಸಬಹುದು, ಉತ್ತರಿಸದೆಯೂ ಇರಬಹುದು. ಸರ್ಕಾರಿ ಆದೇಶದಿಂದ ರಚನೆಯಾದ ಸಮಿತಿಯಲ್ಲಾದರೆ ಅದೇ ಅಧಿಕಾರಿಗಳು ಸದಸ್ಯರಾಗಿ ಕುಳಿತಿರುತ್ತಾರೆ ಮತ್ತು ಹಿಂದಿನ ಸಭೆಯಲ್ಲಿ ಎತ್ತಿದ ವಿಷಯಕ್ಕೆ ಏನು ಕ್ರಮವಾಯಿತೆಂಬ ಅನುಪಾಲನಾ ವರದಿ ತರಬೇಕಾಗುತ್ತದೆ. ಆದ್ದರಿಂದ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ.

ಆ ಆದೇಶ ಯಾರದಾಗಿರಬೇಕು ಎಂಬಲ್ಲಿ ಹಲವರು ತಪ್ಪುತ್ತಾರೆ. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಪೊಲೀಸ್ ರಾಜ್ಯದ ವಿಷಯ. ಮಹಾನಗರ ಪಾಲಿಕೆಯು ಠಾಣೆಗೆ ಆದೇಶ ಕೊಡಲಾಗದು. ಬೆಂಗಳೂರು, ಮೈಸೂರುಗಳಂತೆ ತುಮಕೂರಿನಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ. ಇಲ್ಲಿ ಠಾಣೆಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ (ಎಸ್‌ಪಿ) ಅಧೀನದಲ್ಲಿವೆ, ಜಿಲ್ಲಾಧಿಕಾರಿಗಳೇ ಜಿಲ್ಲಾ ದಂಡಾಧಿಕಾರಿಗಳು. ಈಗ ನಿಮ್ಮ ಪತ್ರದಲ್ಲಿರುವ ದೂರುಗಳನ್ನೇ ವಿಂಗಡಿಸಿ ನೋಡಿ. ಸರಗಳ್ಳತನ ಮತ್ತು ವ್ಹೀಲಿ ಠಾಣೆಗೆ ಸೇರಿದವು. ಬೀದಿದೀಪ ಮತ್ತು ಖಾಲಿ ನಿವೇಶನದ ಪೊದೆ ಪಾಲಿಕೆಗೆ ಸೇರಿದವು. ಊರಿನಲ್ಲಿ ನಾವು ‘ಭಯವಾಗುತ್ತದೆ’ ಎಂದು ಹೇಳುವ ಸಂಗತಿಗಳಲ್ಲಿ ಬಹುಪಾಲು ಹೀಗೆ ಠಾಣೆಯ ಹೊರಗಿನವೇ ಆಗಿರುತ್ತವೆ ಎಂಬುದು ನನ್ನ ಅನುಭವ. ಪಾಲಿಕೆಯ ನಿರ್ಣಯವೊಂದರಿಂದಾಗಲಿ, ಎಸ್‌ಪಿಯವರ ಆದೇಶವೊಂದರಿಂದಾಗಲಿ ಎಲ್ಲರೂ ಒಂದೇ ಮೇಜಿಗೆ ಬರುವುದಿಲ್ಲ. ಜಿಲ್ಲಾಧಿಕಾರಿಗಳ ಆದೇಶದಲ್ಲಿ ಎಸ್‌ಪಿ, ಪಾಲಿಕೆಯ ಆಯುಕ್ತರು, ಬೆಸ್ಕಾಂ, ಕೆಎಸ್‌ಆರ್‌ಟಿಸಿ ಮತ್ತು ಸಾರಿಗೆ ಇಲಾಖೆಯ ಅಧಿಕಾರಿಗಳು ಸದಸ್ಯರೆಂದು ನಮೂದಾದರೆ ಬರುತ್ತಾರೆ.

ಇದಕ್ಕೆ ಮಾದರಿಗಳನ್ನು ದೂರ ಹುಡುಕಬೇಕಿಲ್ಲ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ನಿಯಮಗಳು, 1995ರ 17ನೇ ನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಅದರಲ್ಲಿ ಅಧಿಕಾರೇತರ ಸದಸ್ಯರೂ ಇರಬೇಕು, ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. 1988ರ ಮೋಟಾರು ವಾಹನ ಕಾಯ್ದೆಯ 215ನೇ ಪ್ರಕರಣ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವಕಾಶ ಕೊಟ್ಟಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯ ಹೊತ್ತಿಗೇ ತುಮಕೂರು ನಗರ ಆ ಗಡಿಯನ್ನು ದಾಟಿದೆ. ನಿಮ್ಮ ಮನವಿಯಲ್ಲಿ ಈ ಮೂರನ್ನೂ ಹೆಸರಿಸಿ ಬರೆಯಿರಿ. ಕಡತ ನೋಡುವ ಸಿಬ್ಬಂದಿಗೆ ‘ಇಂಥದ್ದು ಹಿಂದೆ ಇದೆ’ ಎಂದು ತೋರಿಸಿದರೆ ಅರ್ಧ ದಾರಿ ಸಾಗಿದಂತೆಯೇ.

ಇನ್ನು ಸದಸ್ಯರು. ಇಲ್ಲಿ ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಮನ್ನಿಸಬೇಕು. ನೀವು ಪತ್ರದ ಜೊತೆಗೆ ಕಳಿಸಿರುವ 11 ಜನರ ಪಟ್ಟಿಯಲ್ಲಿ ಎಲ್ಲರೂ ಪುರುಷರು, ಎಲ್ಲರೂ ಸ್ವಂತ ಮನೆಯವರು, ಬಹುತೇಕ ಎಲ್ಲರೂ ನಿವೃತ್ತರು. ಇವರಲ್ಲಿ ಒಬ್ಬರೂ ಬೆಳಗಿನ ಜಾವ ಐದೂವರೆಗೆ ಪೊರಕೆ ಹಿಡಿದು ಬೀದಿಗಿಳಿಯುವುದಿಲ್ಲ, ರಾತ್ರಿ ಒಂಬತ್ತೂವರೆಗೆ ಕೊನೆಯ ಬಸ್ಸಿಳಿದು ಒಬ್ಬರೇ ನಡೆದು ಬರುವುದಿಲ್ಲ.

ನಾನು ಇದೇ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಆರು ವರ್ಷ ಶಾಂತಿ ಸಮಿತಿಯ ಸದಸ್ಯನಾಗಿದ್ದೆ. ಗಣೇಶ ಹಬ್ಬಕ್ಕೆ ಮುಂಚೆ ಒಂದು, ಬಕ್ರೀದ್‌ಗೆ ಮುಂಚೆ ಒಂದು ಸಭೆ. ಠಾಣೆಯ ಆವರಣದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ತಟ್ಟೆಯಲ್ಲಿ ಬಿಸ್ಕತ್ತು. ಮುಂದಿನ ಸಾಲಿನಲ್ಲಿ ಪ್ರತಿ ವರ್ಷವೂ ಅದೇ ಹತ್ತು ಮುಖಗಳು. ಹಾಜರಾತಿ ಹಾಳೆ ಕೈಯಿಂದ ಕೈಗೆ ಬರುವಾಗ ನನ್ನ ಹೆಸರಿನ ಮೇಲೆ ಯಾರ ಸಹಿ ಇರುತ್ತದೆ, ಕೆಳಗೆ ಯಾರ ಸಹಿ ಇರುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ‘ನಮ್ಮೂರು ಸೌಹಾರ್ದಕ್ಕೆ ಹೆಸರಾದ ಊರು’ ಎಂದು ಎಲ್ಲರೂ ಹೇಳುತ್ತಿದ್ದೆವು. ಆರು ವರ್ಷದಲ್ಲಿ ಆ ಸಭೆಯ ನಡಾವಳಿಯ ಪ್ರತಿ ಒಂದು ಬಾರಿಯೂ ನನ್ನ ಕೈಗೆ ಬರಲಿಲ್ಲ, ನಾನೂ ಕೇಳಲಿಲ್ಲ. ಕೇಳದಿದ್ದುದು ನನ್ನ ತಪ್ಪು. ಅದಕ್ಕಾಗಿಯೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಧಿಕಾರೇತರ ಸದಸ್ಯರು 15ಕ್ಕಿಂತ ಹೆಚ್ಚು ಬೇಡ. ಅವರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಲಿ. ಒಬ್ಬ ಪೌರಕಾರ್ಮಿಕ ಮಹಿಳೆ, ಒಬ್ಬ ಆಟೊ ಚಾಲಕ, ಒಬ್ಬ ಆಶಾ ಕಾರ್ಯಕರ್ತೆ, ಹಾಸ್ಟೆಲ್‌ನಲ್ಲಿದ್ದು ಓದುವ ಒಬ್ಬ ವಿದ್ಯಾರ್ಥಿನಿ, ಬಿ.ಎಚ್. ರಸ್ತೆಯ ಬದಿಯಲ್ಲಿ ತಳ್ಳುಗಾಡಿ ಇಡುವ ಒಬ್ಬ ವ್ಯಾಪಾರಿ, ಒಬ್ಬ ಅಂಗವಿಕಲರು ಇವರೆಲ್ಲ ಇರಲೇಬೇಕು. ಬೀದಿ ವ್ಯಾಪಾರಿಗಳ ಕಾಯ್ದೆ, 2014ರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು. ಯಾರಿಗೆ ಸಂಬಂಧಪಟ್ಟ ವಿಷಯವೋ ಅವರೇ ಕುಳಿತುಕೊಳ್ಳಬೇಕೆಂಬ ಆ ನಿಯಮವನ್ನು ಕಾಯ್ದೆಯ ಒತ್ತಾಯವಿಲ್ಲದೆಯೇ ನೀವು ಪಾಲಿಸಬಹುದು. ದಿನಗೂಲಿಯವರು ಬರಬೇಕಾದರೆ ಸಭೆ ಬೆಳಿಗ್ಗೆ 11ಕ್ಕೆ ಇರಬಾರದು, ಸಂಜೆ 6ರ ನಂತರ ಇರಬೇಕು ಎಂಬುದನ್ನೂ ಬರೆದಿಡಿ. ಅವಧಿ ಎರಡು ವರ್ಷ. ಒಬ್ಬರಿಗೆ ಎರಡು ಅವಧಿಗಿಂತ ಹೆಚ್ಚು ಬೇಡ. ರಾಜಕೀಯ ಪಕ್ಷದ ಪದಾಧಿಕಾರಿಗಳನ್ನೂ ಪಾಲಿಕೆಯ ಗುತ್ತಿಗೆದಾರರನ್ನೂ ಹೊರಗಿಡಿ.

ಆದೇಶದಲ್ಲಿ ಬೇರೇನು ಬಿಟ್ಟುಹೋದರೂ ಒಂದು ವಾಕ್ಯ ಬಿಟ್ಟುಹೋಗಬಾರದು. ಸಮಿತಿಯು ಲಿಖಿತವಾಗಿ ಕೊಟ್ಟ ಪ್ರತಿ ಸಲಹೆಗೂ ಸಂಬಂಧಪಟ್ಟ ಇಲಾಖೆಯು 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು, ಒಪ್ಪದಿದ್ದರೆ ಕಾರಣವನ್ನು ಬರೆಯಬೇಕು, ನಡಾವಳಿ ಮತ್ತು ಉತ್ತರ ಎರಡನ್ನೂ ಪಾಲಿಕೆಯ ಸೂಚನಾ ಫಲಕದಲ್ಲಿ ಹಾಕಬೇಕು. ಸಲಹಾ ಸಮಿತಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ, ಇರಲೂಬಾರದು. ‘ಆಗುವುದಿಲ್ಲ, ಏಕೆಂದರೆ ಹೀಗೆ’ ಎಂಬ ಉತ್ತರವನ್ನು ಕಾಗದದ ಮೇಲೆ ಪಡೆಯುವುದೇ ಅದರ ಬಲ. ಆ ನಡಾವಳಿಯಲ್ಲಿ ದೌರ್ಜನ್ಯಕ್ಕೊಳಗಾದವರ ಹೆಸರು, ಬೀದಿ, ಕುಟುಂಬದ ಗುರುತು ಯಾವುದೂ ಬರಕೂಡದು. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಪ್ರಕರಣದ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಪ್ರಕರಣವೂ ಅದನ್ನೇ ಹೇಳುತ್ತದೆ.

ಇಂಥ ಸಮಿತಿಗಳಿಂದ ಏನಾದೀತು ಎಂದು ನಿಮ್ಮ ಬಡಾವಣೆಯಲ್ಲಿ ಯಾರಾದರೂ ಕೇಳಿದರೆ ಮಹಾರಾಷ್ಟ್ರದ ಭಿವಂಡಿಯ ಕಥೆ ಹೇಳಿ. ಮಗ್ಗಗಳ ಆ ಊರು 1970ರಲ್ಲಿ ಮತ್ತು 1984ರಲ್ಲಿ ಭೀಕರ ಕೋಮುಗಲಭೆ ಕಂಡಿತ್ತು. ನಂತರ ಅಲ್ಲಿ ಪೊಲೀಸ್ ಅಧಿಕಾರಿಯಾಗಿ ಬಂದ ಸುರೇಶ್ ಖೋಪಡೆಯವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ನೆರೆಹೊರೆಯ ಹಿಂದೂ ಮುಸ್ಲಿಮರು ಸ್ಥಳೀಯ ಪೊಲೀಸರ ಜೊತೆ ಒಟ್ಟಿಗೆ ಕುಳಿತು ಸಣ್ಣಪುಟ್ಟ ತಂಟೆಗಳನ್ನು ಅಲ್ಲಲ್ಲೇ ಮಾತಾಡಿ ಮುಗಿಸುವ ರೂಢಿ ಬೆಳೆಯಿತು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಗಲಭೆಯ ದಿನ ಕಟ್ಟಿದ ಸಮಿತಿಗಳಲ್ಲ ಅವು, ನಾಲ್ಕಾರು ವರ್ಷ ಮೊದಲೇ ಒಬ್ಬರಿಗೊಬ್ಬರ ಪರಿಚಯ ಆಗಿತ್ತು.

ಪ್ರಶ್ನೆ: ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿದ್ದೇನೆ. ಸಮಿತಿಯ ಯುವಕರಿಗೆ ಗುರುತಿನ ಚೀಟಿ, ಲಾಠಿ ಕೊಟ್ಟು ರಾತ್ರಿ ಗಸ್ತು ಮಾಡಿಸಿದರೆ ಪೊಲೀಸರಿಗೂ ಸಹಾಯವಲ್ಲವೇ? ಸಿಸಿಟಿವಿ ಕ್ಯಾಮೆರಾಗಳನ್ನೂ ನಾವೇ ಹಾಕಿಸಲು ಸಿದ್ಧರಿದ್ದೇವೆ.

ಉತ್ತರ: ಲಾಠಿ ಬೇಡ, ಗುರುತಿನ ಚೀಟಿ ಬೇಡ, ಸಲಹಾ ಸಮಿತಿಯ ಹೆಸರಿನಲ್ಲಿ ಗಸ್ತು ಬೇಡ. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಿಂದ ಆರಂಭವಾದ ‘ಪೊಲೀಸರ ಗೆಳೆಯರು’ ಯೋಜನೆ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿತ್ತು. 2020ರ ಜೂನ್‌ನಲ್ಲಿ ಸಾತ್ತಾನ್‌ಕುಳಂನಲ್ಲಿ ತಂದೆ ಮಗ ಇಬ್ಬರು ಪೊಲೀಸ್ ವಶದಲ್ಲಿ ಹಲ್ಲೆಗೊಳಗಾಗಿ ಸತ್ತ ಪ್ರಕರಣದ ಬೆನ್ನಿಗೆ ಆ ಸ್ವಯಂಸೇವಕರ ಮೇಲೂ ಆರೋಪಗಳು ಬಂದು, ಮರುತಿಂಗಳೇ ಸರ್ಕಾರ ಯೋಜನೆಯನ್ನು ನಿಷೇಧಿಸಿತು. ನಮ್ಮ ರಾಜ್ಯದಲ್ಲೇ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸುದ್ದಿಯನ್ನು ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಊರನ್ನು ಕಾಯುತ್ತಿದ್ದೇವೆಂದೇ ಆ ಜನ ನಂಬಿದ್ದರು.

ಕಾನೂನು ಎಷ್ಟಕ್ಕೆ ಅವಕಾಶ ಕೊಡುತ್ತದೆ ಎಂಬುದು ಸ್ಪಷ್ಟವಾಗಿದೆ. ಜಾಮೀನುರಹಿತವೂ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದುದೂ ಆದ ಅಪರಾಧ ನಿಮ್ಮ ಕಣ್ಣೆದುರೇ ನಡೆದರೆ, ಆರೋಪಿಯನ್ನು ಹಿಡಿಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಪ್ರಕರಣ ಸಾಮಾನ್ಯ ನಾಗರಿಕರಿಗೂ ಅಧಿಕಾರ ಕೊಡುತ್ತದೆ. ಆದರೆ ವಿಳಂಬ ಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ತಡೆದು ನಿಲ್ಲಿಸುವುದಕ್ಕೆ, ಚೀಲ ತೆಗೆಸುವುದಕ್ಕೆ, ಕಂಬಕ್ಕೆ ಕಟ್ಟುವುದಕ್ಕೆ ಅದು ಪರವಾನಗಿಯಲ್ಲ. ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ನಿಮ್ಮ ಬೀದಿಗೂ ಒಬ್ಬ ಬೀಟ್ ಪೊಲೀಸರು ಇರುತ್ತಾರೆ. ಅವರ ಹೆಸರು, ಮೊಬೈಲ್ ಸಂಖ್ಯೆ ನಿಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದೆಯೇ?

ಕ್ಯಾಮೆರಾ ಹಾಕಿಸಿ, ಒಳ್ಳೆಯದೇ. ಹೆಚ್ಚು ಜನ ಸೇರುವ ವಾಣಿಜ್ಯ ಸ್ಥಳಗಳಿಗೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕ್ಯಾಮೆರಾ ಕಡ್ಡಾಯ ಮಾಡಿ, ದೃಶ್ಯಗಳನ್ನು 30 ದಿನ ಉಳಿಸಿಕೊಳ್ಳಬೇಕೆಂದು ಹೇಳಿದೆ. ಕ್ಯಾಮೆರಾದ ಮುಖ ರಸ್ತೆಯ ಕಡೆಗಿರಲಿ, ಎದುರು ಮನೆಯ ಬಾಗಿಲ ಕಡೆಗೆ ಬೇಡ. ದೃಶ್ಯವನ್ನು ಠಾಣೆಗೆ ಕೊಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಪ್ರಶ್ನೆ: ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ. ಇಂಥ ಸಮಿತಿಗಳಲ್ಲಿ ದೊಡ್ಡವರು ಮಾತನಾಡುತ್ತಾರೆ. ನಮ್ಮಂಥವರಿಗೆ ಅದರಿಂದ ಏನು ಉಪಯೋಗ?

ಉತ್ತರ: ಅಮ್ಮಾ, ನಿಮ್ಮ ಅನುಮಾನ ನ್ಯಾಯವಾದದ್ದು. ನಾನು ಕಂಡ ಒಂದು ಸಂಜೆಯನ್ನು ಹೇಳುತ್ತೇನೆ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ಆರು ಜನ ಹೆಣ್ಣುಮಕ್ಕಳ ಜೊತೆ ಒಮ್ಮೆ ರಾತ್ರಿ ಎಂಟೂಮುಕ್ಕಾಲಕ್ಕೆ ಬಸ್ ನಿಲ್ದಾಣದಿಂದ ಅವರ ಬೀದಿಯವರೆಗೆ ನಡೆದೆ. ಕೈಯಲ್ಲಿ ಒಂದು ನೋಟ್‌ಬುಕ್, ಒಂದು ಟಾರ್ಚು. ದಾರಿಯಲ್ಲಿ 17 ವಿದ್ಯುತ್ ಕಂಬ, 9ರಲ್ಲಿ ಬೆಳಕಿಲ್ಲ. ಒಂದು ಕಂಬದಲ್ಲಿ ದೀಪ ಉರಿಯುತ್ತಿತ್ತು, ಆದರೆ ಹುಣಸೆ ಮರದ ಕೊಂಬೆ ಅಡ್ಡ ಬಂದು ಬೆಳಕೆಲ್ಲ ಎಲೆಗಳ ಮೇಲೆಯೇ ನಿಂತಿತ್ತು. ಆ ಮರ ಬರುವುದಕ್ಕೆ ಸ್ವಲ್ಪ ಮುಂಚೆ ಅವರಲ್ಲೊಬ್ಬಳು ಮೊಬೈಲನ್ನು ಕಿವಿಗಿಟ್ಟುಕೊಂಡು, ‘ಬಂದೇ ಬಿಟ್ಟೆ ಅಣ್ಣ, ಇಲ್ಲೇ ಇದೀನಿ’ ಎಂದು ಜೋರಾಗಿ ಮಾತಾಡತೊಡಗಿದಳು. ಯಾರಮ್ಮ ಎಂದು ಕೇಳಿದೆ. ‘ಯಾರೂ ಇಲ್ಲ ಸಾರ್, ಈ ಜಾಗ ಬಂದಾಗ ದಿನಾ ಹಿಂಗೇ ಮಾಡ್ತೀನಿ’ ಎಂದಳು. ಅವಳಿಗೆ ಅಣ್ಣನೇ ಇರಲಿಲ್ಲ.

ಆ ಮರವನ್ನು ನಾನು ಹಗಲಿನಲ್ಲಿ ನೂರು ಸಲ ದಾಟಿದ್ದೆ. ಆ ಕೊಂಬೆ ಅಲ್ಲಿದೆಯೆಂದು ಯಾವ ಶಾಂತಿ ಸಮಿತಿಗೂ ಗೊತ್ತಿರಲಿಲ್ಲ, ಯಾವ ಅಪರಾಧ ಅಂಕಿಅಂಶದಲ್ಲೂ ಅದು ಬರುವುದಿಲ್ಲ. ಮರುದಿನ ಕಂಬಗಳ ಮೇಲಿನ ಸಂಖ್ಯೆಗಳನ್ನು ಬರೆದು, ಕೊಂಬೆಯ ವಿಷಯವನ್ನು ಪ್ರತ್ಯೇಕವಾಗಿ ಬರೆದು, ಆರು ಜನರೂ ಸಹಿ ಹಾಕಿ ಕೊಟ್ಟರು. ‘ಬೀದಿದೀಪ ಸರಿಯಿಲ್ಲ’ ಎಂಬ ಅರ್ಜಿಯನ್ನು ಬದಿಗಿಡುವುದು ಸುಲಭ. ಕಂಬದ ಸಂಖ್ಯೆ ಇರುವ ಅರ್ಜಿಯನ್ನು ಬದಿಗಿಡುವುದು ಕಷ್ಟ. ಕೊಂಬೆಯನ್ನು 12ನೇ ದಿನ ಕಡಿದರು. ದೀಪಗಳಿಗೆ ಇನ್ನೂ ಹೆಚ್ಚು ದಿನ ಹಿಡಿಯಿತು.

ನಿಮ್ಮ ಕಾರ್ಖಾನೆಯಿಂದ ಹೆದ್ದಾರಿಯ ಬಸ್ ನಿಲುಗಡೆಯವರೆಗೆ ನೀವು ನಾಲ್ಕು ಜನ ಹೀಗೆಯೇ ನಡೆದು ಬರೆದಿಡಿ. ಎಲ್ಲಿ ಹೆಜ್ಜೆ ಜೋರಾಗುತ್ತದೆ, ಎಲ್ಲಿ ದಾರಿ ಬದಲಿಸುತ್ತೀರಿ, ಯಾವ ಅಂಗಡಿ ತೆರೆದಿದ್ದರೆ ಧೈರ್ಯ, ಯಾವುದರ ಮುಂದೆ ಗುಂಪು ನಿಂತಿರುತ್ತದೆ. ಸಮಿತಿ ರಚನೆಯಾದ ಮೊದಲ ಸಭೆಯ ಮೊದಲ ವಿಷಯವಾಗಿ ಆ ಹಾಳೆ ಹೋಗಲಿ. ಮೇಲಿನ ಪ್ರಶ್ನೆ ಕೇಳಿದ ಶಿಕ್ಷಕರು ನಿಮ್ಮಲ್ಲಿ ಒಬ್ಬರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಬೇಕೆಂದು ಈ ಅಂಕಣದ ಮೂಲಕವೇ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ, ಪಾಲಿಕೆಯಲ್ಲ, ನಗರಸಭೆ. ನಾವೂ ಇಂಥ ಸಮಿತಿ ಕೇಳಬಹುದೇ?

ಉತ್ತರ: ಧಾರಾಳವಾಗಿ. ನಿಮ್ಮಲ್ಲೂ ಜಿಲ್ಲಾಧಿಕಾರಿಗಳ ಆದೇಶವೇ ದಾರಿ. ಆಯುಕ್ತರು, ಎಸ್‌ಪಿ ಇಬ್ಬರನ್ನೂ ಸದಸ್ಯರಾಗಿ ಕೇಳಿ. ರಾಷ್ಟ್ರೀಯ ಹೆದ್ದಾರಿ 44 ನಿಮ್ಮ ಊರಿನ ಬದಿಯಲ್ಲೇ ಹೋಗುವುದರಿಂದ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಒಬ್ಬರನ್ನೂ ಸೇರಿಸಿ ಎಂದು ಬರೆಯಿರಿ. ಕೋಲಾರದವರಿಗೂ ಇದೇ ಉತ್ತರ, ಅಲ್ಲಿ ಹೆದ್ದಾರಿ 75.

ಪ್ರಶ್ನೆ: ಪೊಲೀಸರ ಮೇಲಿನ ದೂರುಗಳನ್ನು ಈ ಸಮಿತಿ ವಿಚಾರಿಸಬಹುದೇ? (ತುಮಕೂರು)

ಉತ್ತರ: ವಿಚಾರಿಸಬಾರದು. ಪೊಲೀಸ್ ಸುಧಾರಣೆಯನ್ನು ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ತೀರ್ಪಿನ ಪ್ರಕಾರ ಅದಕ್ಕೆ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿವೆ. ದೂರುದಾರರಿಗೆ ಆ ದಾರಿ ತೋರಿಸಿ, ಅರ್ಜಿ ಬರೆಯಲು ನೆರವಾಗಿ. ಆದರೆ ಎಲ್ಲರಿಗೂ ಸಂಬಂಧಿಸಿದ ಸಂಗತಿಗಳನ್ನು ಸಮಿತಿ ಅವಶ್ಯ ಕೇಳಬಹುದು. ಠಾಣೆಯೊಳಗಿನ ಕ್ಯಾಮೆರಾಗಳು ಕೆಲಸ ಮಾಡುತ್ತಿವೆಯೇ ಎಂಬುದು ಅಂಥದ್ದು. 2020ರ ಡಿಸೆಂಬರ್ 2ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕೆಂದು ಹೇಳಿ, ಅದನ್ನು ನೋಡಿಕೊಳ್ಳುವ ಜಿಲ್ಲಾ ಸಮಿತಿಯಲ್ಲಿ ಜಿಲ್ಲಾ ದಂಡಾಧಿಕಾರಿ, ಎಸ್‌ಪಿಯವರ ಜೊತೆ ಊರಿನ ಮೇಯರ್‌ಗೂ ಸ್ಥಾನ ಕೊಟ್ಟಿದೆ.

ಪ್ರಶ್ನೆ: ಮನವಿ ಕೊಟ್ಟ ಮೇಲೆ ಆದೇಶವೇ ಬರದಿದ್ದರೆ? (ಬಟವಾಡಿ)

ಉತ್ತರ: ಮನವಿ ಕೊಡುವ ದಿನವೇ ಟಪಾಲು ವಿಭಾಗದಲ್ಲಿ ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಒಂದೂವರೆ ತಿಂಗಳು ಕಾದು, ಆ ಮನವಿಯ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಗಳ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು, 30 ದಿನದಲ್ಲಿ ಉತ್ತರ ಬರಬೇಕು. ಅಷ್ಟರಲ್ಲಿ ಸುಮ್ಮನೆ ಕುಳಿತುಕೊಳ್ಳಬೇಡಿ. ನಿಮ್ಮ ವಾರ್ಡಿನ ಒಂದು ದಾರಿಯನ್ನು ಆರಿಸಿಕೊಂಡು ರಾತ್ರಿ ನಡೆಯಿರಿ, ಕಂಬದ ಸಂಖ್ಯೆ ಬರೆದುಕೊಳ್ಳಿ, ತಿಂಗಳಿಗೊಮ್ಮೆ ಸೇರಿ ನಡಾವಳಿ ಬರೆದು ಬೀಟ್ ಪೊಲೀಸರಿಗೂ ಪಾಲಿಕೆಯ ವಲಯ ಕಚೇರಿಗೂ ಒಂದೊಂದು ಪ್ರತಿ ಕೊಡಿ. ಆರು ತಿಂಗಳ ನಡಾವಳಿಗಳನ್ನು ಹೊಲಿದು ಎರಡನೆಯ ಮನವಿಯ ಜೊತೆಗಿಟ್ಟು ಜಿಲ್ಲಾಧಿಕಾರಿಗಳನ್ನು ನೇರವಾಗಿ ಭೇಟಿ ಮಾಡಿ. ಹೋಗುವಾಗ ಸಭೆಯಲ್ಲಿ ಕಡಿಮೆ ಮಾತಾಡುವ ಸದಸ್ಯರೊಬ್ಬರನ್ನು ಮುಂದೆ ಕೂರಿಸಿ, ಅವರ ಬೀದಿಯ ವಿಷಯವನ್ನು ಅವರ ಬಾಯಿಂದಲೇ ಹೇಳಿಸಿ.